ಜರ್ಮನ್ ಐಡಿಯಲಿಸಂ ಹೊಟ್ಟೆಯಿಂದ ಭೌತವಾದ ಹುಟ್ಟಿದ್ದು ಹೇಗೆ? ಓದಿ ಅರ್ಥ ಮಾಡ್ಕೊಳ್ಳೋಕೆ ಒಂದು ಗೈಡು

ಈ ಕಥೆನ ಹೆಚ್ಚಿನವರು ಒಂದೇ ಸಾಲಲ್ಲಿ ಮುಗಿಸ್ಬಿಡ್ತಾರೆ. ಜರ್ಮನ್ ತತ್ವಜ್ಞಾನಿ ಹೆಗೆಲ್ ತಲೆಕೆಳಗಾಗಿ ನಿಂತಿದ್ದ, ಮಾರ್ಕ್ಸ್ ಬಂದು ಕಾಲ ಮೇಲೆ ನಿಲ್ಲಿಸ್ದ, ಐಡಿಯಲಿಸಂ (ಮನಸ್ಸು, ಚಿಂತನೆನೇ ಮೂಲ ಅನ್ನೋ ವಾದ) ಹೋಗಿ ಭೌತವಾದ (ಪ್ರಕೃತಿ, ದ್ರವ್ಯ, ನಿಜ ಬದುಕೇ ಮೂಲ ಅನ್ನೋ ವಾದ) ಬಂತು, ಶುಭಂ. ಮಾತು ಸುಳ್ಳೇನಲ್ಲ, 1873ರಲ್ಲಿ ‘ಕ್ಯಾಪಿಟಲ್’ ಎರಡನೇ ಆವೃತ್ತಿಗೆ ಬರೆದ ಹಿನ್ನುಡಿಯಲ್ಲಿ ಮಾರ್ಕ್ಸೇ ಈ ತಲೆಕೆಳಗಿನ ಮಾತಾಡಿದಾನೆ, ಆದ್ರೆ ಬರೀ ಇದನ್ನ ಹಿಡ್ಕೊಂಡು ಹೊರಟ್ರೆ ತಿರುಗಿಸಿದ್ದು ಏನನ್ನ, ತಿರುಗಿಸಿದ್ಮೇಲೆ ಉಳಿದಿದ್ದೇನು, ಕಳಚಿ ಬಿದ್ದಿದ್ದೇನು, ಮಧ್ಯದ ಹತ್ತು ಹದಿನೈದು ವರ್ಷ ಬರ್ಲಿನ್ನಿನ ಹುಡುಗರ ಒಂದು ಗುಂಪು ಬೈಬಲ್ ಬಗ್ಗೆ ಯಾಕೆ ಅಷ್ಟೊಂದು ಕಿತ್ತಾಡ್ತು, ಯಾವುದೂ ಗೊತ್ತಾಗಲ್ಲ. ಹಾಗಾಗಿ ಯಾವುದನ್ನ ಯಾವ ಆರ್ಡರಲ್ಲಿ ಓದ್ಬೇಕು, ಎಲ್ಲಿ ನಿಧಾನ ಮಾಡ್ಬೇಕು, ಎಲ್ಲಿ ಧಾರಾಳವಾಗಿ ಪೇಜ್ ಹಾರಿಸ್ಬಹುದು ಅಂತ ಇಲ್ಲಿ ಬರೀತಿದೀನಿ. ಫಿಲಾಸಫಿ ಡಿಗ್ರಿ ಏನೂ ಬೇಡ, ತಾಳ್ಮೆ ಇದ್ರೆ ಸಾಕು.

ಕೈಯಲ್ಲಿ ಒಂದೇ ಒಂದು ಪ್ರಶ್ನೆ ಇರ್ಲಿ

ಯಾವ ಪುಸ್ತಕ ತೆಗೆದ್ರೂ ಒಂದೇ ಪ್ರಶ್ನೆ ಕೇಳ್ತಾ ಹೋಗಿ: ಇಲ್ಲಿ ಕೆಲಸ ಮಾಡ್ತಿರೋದು ಯಾರು? ವಾಕ್ಯದ ಕರ್ತೃ ಯಾರು ಅಂತ ಸ್ಕೂಲಲ್ಲಿ ಹುಡುಕ್ತಿದ್ವಲ್ಲ, ಅದೇ ಕೆಲಸ. ಇಲ್ಲಿ ಬರೋ ಜರ್ಮನ್ ತತ್ವಜ್ಞಾನಿಗಳಲ್ಲಿ ಕಾಂಟ್ ಹತ್ರ ಉತ್ತರ ಒಂದು, ಫಿಖ್ಟೆ ಹತ್ರ ಇನ್ನೊಂದು, ಹೆಗೆಲ್ ಹತ್ರ ಮತ್ತೊಂದು, ಫಾಯರ್‌ಬಾಖ್ ಬಂದು ಕರ್ತೃನ ಬದಲಾಯಿಸ್ತಾನೆ, ಆಮೇಲೆ ಮಾರ್ಕ್ಸ್ ಬಂದು ನೀನು ಕೂರಿಸಿರೋ ಕರ್ತೃ ಕೈ ಕಟ್ಕೊಂಡು ಸುಮ್ನೆ ಕೂತಿದಾನಲ್ಲಪ್ಪ ಅಂತಾನೆ. ನನ್ನ ಪ್ರಕಾರ ಇಡೀ ಕಥೆಯ ಬೆನ್ನೆಲುಬು ಇದು. ಭೌತವಾದಿಗಳು ಐಡಿಯಲಿಸಮ್ಮನ್ನ ಹೊರಗಿಂದ ಕಲ್ಲು ಹೊಡೆದು ಬೀಳಿಸ್ಲಿಲ್ಲ, ಅದರ ಬೆಲೆಬಾಳೋ ಸಾಮಾನು ಯಾವುದಿತ್ತೋ ಅದನ್ನ ಎತ್ಕೊಂಡೇ ಮನೆ ಬಿಟ್ಟು ಹೊರಟ್ರು. ಆ ಸಾಮಾನು ಅಂದ್ರೆ ಕ್ರಿಯೆ, ಮನುಷ್ಯ ಜಗತ್ತನ್ನ ಬರೀ ನೋಡ್ತಾ ಕೂರಲ್ಲ, ಅದನ್ನ ಮಾಡ್ತಾನೆ ಅನ್ನೋ ಐಡಿಯಾ.

ಶುರು ಮಾಡೋಕೆ ಮುಂಚೆ ಒಂದು ತಪ್ಪು ಕಲ್ಪನೆ ಬಿಟ್ಬಿಡಿ. ಐಡಿಯಲಿಸಂ ಅಂದ್ರೆ ‘ಜಗತ್ತೆಲ್ಲ ಸುಳ್ಳು, ಮನಸ್ಸಿನ ಆಟ’ ಅಂತ ಇವರ್ಯಾರೂ ಹೇಳ್ಲಿಲ್ಲ. ಕಾಂಟ್ ಅಂತೂ ತನ್ನನ್ನ ಆ ಥರ ಓದಿದವರ ಮೇಲೆ ರೇಗಿ 1787ರ ಎರಡನೇ ಆವೃತ್ತಿಯಲ್ಲಿ ಅದನ್ನ ಖಂಡಿಸೋಕೆ ಒಂದು ಭಾಗನೇ ಹೊಸದಾಗಿ ಸೇರಿಸ್ದ.

ಕಾಂಟ್ ಎಷ್ಟು ಬೇಕು?

ತುಂಬಾ ಕಮ್ಮಿ. ‘ಕ್ರಿಟಿಕ್ ಆಫ್ ಪ್ಯೂರ್ ರೀಸನ್’ 1781ರಲ್ಲಿ ಬಂತು, ಪೂರ್ತಿ ಓದೋಕೆ ಹೋದ್ರೆ ವರ್ಷ ಹಿಡಿಯತ್ತೆ, ಈ ಕೆಲಸಕ್ಕೆ ಎರಡನೇ ಆವೃತ್ತಿಯ ಮುನ್ನುಡಿ ಸಾಕು. ಅಲ್ಲಿ ಎರಡು ವಿಷಯ ಹಿಡ್ಕೊಳ್ಳಿ. ಒಂದು, ತಿಳುವಳಿಕೆ ಅನ್ನೋದು ಹೊರಗಿನ ವಸ್ತು ನಮ್ಮ ಮೇಲೆ ಒತ್ತೋ ಮುದ್ರೆ ಅಷ್ಟೇ ಅಲ್ಲ, ಮನಸ್ಸು ತನ್ನ ಕಡೆಯಿಂದ ಕಾಲ, ದೇಶ (ಅಂದ್ರೆ ಜಾಗ, ಸ್ಪೇಸ್), ಕಾರಣ-ಪರಿಣಾಮ ಇವನ್ನೆಲ್ಲ ಹಾಕಿ ಅನುಭವನ ಕಟ್ಟತ್ತೆ. ಅಂದ್ರೆ ನಮ್ಮ ಪ್ರಶ್ನೆಗೆ ಉತ್ತರ: ಕೆಲಸ ಮಾಡ್ತಿರೋದು ಮನಸ್ಸು. ಎರಡು, ಹೀಗೆ ಕಟ್ಟಿದ್ದರ ಆಚೆ ‘ತನ್ನಷ್ಟಕ್ಕೆ ತಾನಿರೋ ವಸ್ತು’ ಅಂತ ಒಂದಿದೆ, ಅದನ್ನ ನಾವು ಯಾವತ್ತೂ ತಿಳಿಯೋಕಾಗಲ್ಲ.

ಈ ಎರಡನೇದೇ ತಲೆನೋವಾಗಿದ್ದು. ಯಾಕೋಬಿ ಅನ್ನೋನು 1787ರಲ್ಲೇ ಕೈ ಇಟ್ಟ: ಆ ವಸ್ತುನ ಒಪ್ಪದೆ ಕಾಂಟ್ ಸಿಸ್ಟಮ್ ಒಳಗೆ ಹೋಗೋಕಾಗಲ್ಲ, ಒಪ್ಕೊಂಡ್ರೆ ಒಳಗೆ ಇರೋಕಾಗಲ್ಲ. ಕಾರಣ-ಪರಿಣಾಮ ಅನ್ನೋದು ಅನುಭವದ ಒಳಗೆ ಮಾತ್ರ ನಡೆಯೋ ನಿಯಮ ಅಂದ್ಮೇಲೆ, ಅನುಭವದ ಆಚೆ ಇರೋ ವಸ್ತು ನಮ್ಮ ಇಂದ್ರಿಯಗಳಿಗೆ ಕಾರಣ ಅಂತ ಯಾವ ಬಾಯಲ್ಲಿ ಹೇಳ್ತೀರಿ? ಮುಂದೆ ಬಂದವರೆಲ್ಲ ಈ ತೂತು ಮುಚ್ಚೋಕೆ ಹೊರಟವರೇ.

ಫಿಖ್ಟೆ, ಶೆಲ್ಲಿಂಗ್ ಇಬ್ಬರನ್ನೂ ಬೇಗ ದಾಟಿ. ಫಿಖ್ಟೆ 1794ರಲ್ಲಿ ಯೇನಾದಲ್ಲಿ ಆ ಆಚೆಗಿನ ವಸ್ತುನೇ ಕಿತ್ತು ಹಾಕ್ದ, ‘ನಾನು’ ಅನ್ನೋದು ಒಂದು ವಸ್ತು ಅಲ್ಲ ಒಂದು ಕ್ರಿಯೆ, ಅದೇ ತನಗೆ ಎದುರಾಗಿ ‘ನಾನಲ್ಲದ್ದು’ ಒಂದನ್ನ ನಿಲ್ಲಿಸ್ಕೊಂಡು ಅದರ ಜೊತೆ ಗುದ್ದಾಡತ್ತೆ ಅಂದ. (ಈ ಮನುಷ್ಯನ ಮೇಲೆ ನಾಸ್ತಿಕ ಅನ್ನೋ ಆರೋಪ ಬಂದು 1799ರಲ್ಲಿ ಕೆಲಸ ಹೋಯ್ತು, ಐಡಿಯಲಿಸ್ಟ್‌ಗಳು ಅಂದ್ರೆ ದೇವರ ಭಜನೆ ಮಾಡ್ಕೊಂಡಿದ್ದವರು ಅಂದ್ಕೊಂಡಿರೋರು ಇದನ್ನ ನೆನಪಿಟ್ಕೊಳ್ಳಿ.) ಶೆಲ್ಲಿಂಗ್ ಬಂದು ಅಲ್ಲಪ್ಪ ಪ್ರಕೃತಿನೂ ಸುಮ್ನೆ ಬಿದ್ದಿರೋ ಜಡ ಅಲ್ಲ, ಅದೂ ತನ್ನೊಳಗೆ ಬೆಳೀತಾ ಬೆಳೀತಾ ಮನಸ್ಸಿನ ತನಕ ಬರತ್ತೆ ಅಂದ. ಶೆಲ್ಲಿಂಗ್ ಹೆಸರು ಮಾತ್ರ ಮರೀಬೇಡಿ, 1841ರಲ್ಲಿ ವಾಪಸ್ ಬರ್ತಾನೆ, ಬೇರೆಯೇ ವೇಷದಲ್ಲಿ.

ಹೆಗೆಲ್: ಇಲ್ಲಿ ಸ್ಪೀಡ್ ಕಮ್ಮಿ ಮಾಡಿ

ಹೆಗೆಲ್ 1807ರಲ್ಲಿ ‘ಫಿನಾಮೆನಾಲಜಿ ಆಫ್ ಸ್ಪಿರಿಟ್’ ತಂದ. ಅದರ ಮುನ್ನುಡಿಯಲ್ಲೇ ನಮ್ಮ ಪ್ರಶ್ನೆಗೆ ನೇರ ಉತ್ತರ ಇದೆ: ಸತ್ಯನ ಬರೀ ಇದ್ದಲ್ಲೇ ಇರೋ ತತ್ವ ಅಂತ ಹಿಡಿದ್ರೆ ಸಾಲದು, ಕರ್ತೃ ಅಂತಲೂ ಹಿಡೀಬೇಕು. ಅಂದ್ರೆ ಸತ್ಯ ತನ್ನನ್ನ ತಾನೇ ಮಾಡ್ಕೊಳ್ತಾ ಬರತ್ತೆ, ತನ್ನಿಂದ ಹೊರಗೆ ಹೋಗಿ, ತನಗೇ ಅಪರಿಚಿತ ಆಗಿ, ಮತ್ತೆ ತನ್ನನ್ನ ಗುರುತಿಸ್ಕೊಂಡು ವಾಪಸ್ ಬರತ್ತೆ. ಇದಕ್ಕೆಲ್ಲ ಇತಿಹಾಸ ಬೇಕು, ಒಂದೇ ಏಟಿಗೆ ಆಗೋ ಕೆಲಸ ಅಲ್ಲ. ಹಾಗಾಗಿ ಕಾಂಟ್ ಹತ್ರ ಎಲ್ಲ ಕಾಲಕ್ಕೂ ಒಂದೇ ಥರ ಇದ್ದ ಮನಸ್ಸು ಹೆಗೆಲ್ ಹತ್ರ ಬಂದು ಕಾನೂನು, ಧರ್ಮ, ಕಲೆ, ರಾಜ್ಯ ಎಲ್ಲದರೊಳಗೆ ಹರಿಯೋ ಸ್ಪಿರಿಟ್, ಅಂದ್ರೆ ಎಲ್ಲರೂ ಹಂಚಿಕೊಂಡಿರೋ ಚೈತನ್ಯ, ಆಯ್ತು.

ಪುಸ್ತಕ ಪೂರ್ತಿ ಬೇಡ, ಒಡೆಯ ಮತ್ತು ದಾಸನ ಭಾಗ ಓದಿ, ಕೆಲವೇ ಪೇಜು. ಇಬ್ಬರು ಎದುರಾಗ್ತಾರೆ, ಇಬ್ಬರಿಗೂ ಎದುರಿನವನಿಂದ ಮನ್ನಣೆ ಬೇಕು, ಹೋರಾಟ ಆಗತ್ತೆ, ಸಾವಿಗೆ ಹೆದರಿದವನು ದಾಸ ಆಗ್ತಾನೆ. ಒಡೆಯ ಗೆದ್ದ ಅನ್ಸತ್ತೆ ಅಲ್ವಾ? ಆದ್ರೆ ಅವನಿಗೆ ಸಿಕ್ಕಿರೋ ಮನ್ನಣೆ ಯಾರನ್ನ ಅವನೇ ಕೀಳು ಅಂದ್ಕೊಂಡಿದಾನೋ ಅವನಿಂದ ಬಂದಿದ್ದು, ಅದಕ್ಕೆ ಬೆಲೆ ಇಲ್ಲ, ಮತ್ತೆ ವಸ್ತುಗಳ ಜೊತೆ ಅವನಿಗಿರೋ ಸಂಬಂಧ ಅಂದ್ರೆ ತಿಂದು ಮುಗಿಸೋದು ಅಷ್ಟೇ. ದಾಸ ಆದ್ರೆ ವಸ್ತುನ ತಿನ್ನೋ ಹಾಗಿಲ್ಲ, ಅದನ್ನ ತಿದ್ದಬೇಕು, ರೂಪ ಕೊಡ್ಬೇಕು, ಆ ರೂಪದಲ್ಲಿ ತನ್ನನ್ನ ತಾನೇ ಕಾಣ್ತಾನೆ. ಸ್ವತಂತ್ರ ಪ್ರಜ್ಞೆ ಹುಟ್ಟೋದು ದುಡಿಯೋನ ಕಡೆ. ಬಾಸ್ಟಿಲ್ ಕೋಟೆ ಬಿದ್ದು ಫ್ರೆಂಚ್ ಕ್ರಾಂತಿ ಶುರುವಾಗಿ ಇನ್ನೂ ಇಪ್ಪತ್ತು ವರ್ಷನೂ ಆಗಿರ್ಲಿಲ್ಲ ಇದನ್ನ ಬರೆದಾಗ.

ಈ ಭಾಗ ಓದಿದ್ಮೇಲೆ ‘ಐಡಿಯಲಿಸಂ ಬೇರೆ ಭೌತವಾದ ಬೇರೆ’ ಅಂತ ಗೆರೆ ಎಳೆಯೋಕೆ ಕೈ ಬರಲ್ಲ. 1844ರಲ್ಲಿ ಪ್ಯಾರಿಸ್‌ನಲ್ಲಿ ಬರೆದ ಹಸ್ತಪ್ರತಿಗಳಲ್ಲಿ ಮಾರ್ಕ್ಸ್ ಈ ಪುಸ್ತಕನ ಹೊಗಳೋದೂ ಇದಕ್ಕೇನೇ: ಮನುಷ್ಯ ತನ್ನನ್ನ ತಾನೇ ಉಂಟುಮಾಡ್ಕೊಳ್ಳೋದು ಒಂದು ಪ್ರಕ್ರಿಯೆ, ಅದು ಅವನ ದುಡಿಮೆಯ ಫಲ ಅಂತ ಹೆಗೆಲ್ ಕಂಡಿದ್ದ. ತಕ್ಷಣ ಕೊಕ್ಕೆನೂ ಹಾಕ್ತಾನೆ, ಹೆಗೆಲ್‌ಗೆ ಗೊತ್ತಿರೋ ಒಂದೇ ದುಡಿಮೆ ಅಂದ್ರೆ ತಲೆಯೊಳಗಿನ ದುಡಿಮೆ ಅಂತ.

ಇನ್ನೊಂದು ಎಚ್ಚರಿಕೆ. ವಾದ, ಪ್ರತಿವಾದ, ಸಂವಾದ ಅಂತ ಮೂರು ಡಬ್ಬಿ ಹಾಕಿ ಇದೇ ಹೆಗೆಲ್ ಮೆಥಡ್ ಅಂತ ಯಾರಾದ್ರೂ ಚಾರ್ಟ್ ತೋರಿಸಿದ್ರೆ ಮುಂದಕ್ಕೆ ಹೋಗಿ. ಆ ಮೂರರ ಲೆಕ್ಕ ಫಿಖ್ಟೆ ಹತ್ರ ಸಿಗತ್ತೆ, ಹೆಗೆಲ್ ತನ್ನ ಮೆಥಡ್‌ಗೆ ಆ ಹೆಸರು ಇಟ್ಟೇ ಇಲ್ಲ.

1831ರಿಂದ 1843: ಇಲ್ಲಿ ಇತಿಹಾಸ ಬಿಟ್ರೆ ಏನೂ ತಿಳಿಯಲ್ಲ

ಹೆಗೆಲ್ 1831ರ ನವೆಂಬರಲ್ಲಿ ಬರ್ಲಿನ್ನಲ್ಲಿ ತೀರ್ಕೊಂಡ. ಅವನು ಕಾನೂನು, ರಾಜ್ಯದ ಮೇಲೆ ಬರೆದ ‘ಫಿಲಾಸಫಿ ಆಫ್ ರೈಟ್’ ಮುನ್ನುಡಿಯಲ್ಲಿ ಒಂದು ಮಾತು ಬಿಟ್ಟು ಹೋಗಿದ್ದ, ವಿವೇಕಯುತವಾದದ್ದು ವಾಸ್ತವ, ವಾಸ್ತವವಾದದ್ದು ವಿವೇಕಯುತ ಅಂತ. ಇದನ್ನ ಎರಡು ಥರ ಓದ್ಬಹುದು. ಇರೋದೆಲ್ಲ ಸರಿಯಾಗೇ ಇದೆ, ಪ್ರಷ್ಯಾ ರಾಜ್ಯಕ್ಕೆ (ಬರ್ಲಿನ್ ರಾಜಧಾನಿಯಾಗಿದ್ದ ಜರ್ಮನ್ ರಾಜ್ಯ) ಜೈ ಅಂತ ಒಂದು. ವಿವೇಕಕ್ಕೆ ಒಪ್ಪದ್ದು ಇನ್ನೂ ನಿಜವಾಗಿ ವಾಸ್ತವ ಆಗಿಲ್ಲ, ಅದು ಹೋಗ್ಲೇಬೇಕು ಅಂತ ಇನ್ನೊಂದು. ಶಿಷ್ಯರು ಒಡೆದಿದ್ದು ಇಲ್ಲೇ, 1837ರಲ್ಲಿ ಡೇವಿಡ್ ಸ್ಟ್ರೌಸ್ ಫ್ರೆಂಚ್ ಪಾರ್ಲಿಮೆಂಟಿನ ಥರ ಎಡ, ಬಲ, ಮಧ್ಯ ಅಂತ ಗುಂಪುಗಳಿಗೆ ಹೆಸರೂ ಇಟ್ಟ.

ಜಗಳ ಧರ್ಮದ ಮೇಲೆ ಯಾಕೆ ಶುರುವಾಯ್ತು ಅನ್ನೋದು ಬಹಳ ಜನಕ್ಕೆ ಅರ್ಥ ಆಗಲ್ಲ. ರಾಜಕೀಯ ಮಾತಾಡೋ ಹಾಗಿರ್ಲಿಲ್ಲ, ಅದಕ್ಕೆ. 1819ರ ಕಾರ್ಲ್ಸ್‌ಬಾಡ್ ನಿರ್ಣಯಗಳ ಪ್ರಕಾರ ಪತ್ರಿಕೆಗಳೂ 20 ಶೀಟಿಗಿಂತ, ಅಂದ್ರೆ ಹೆಚ್ಚುಕಮ್ಮಿ 320 ಪುಟಕ್ಕಿಂತ, ಸಣ್ಣ ಪುಸ್ತಕಗಳೂ ಪ್ರಿಂಟ್ ಆಗೋಕೆ ಮುಂಚೆನೇ ಸೆನ್ಸಾರ್ ಕೈಗೆ ಹೋಗ್ಬೇಕಿತ್ತು. (ದಪ್ಪ ಪುಸ್ತಕನ ಸಾಮಾನ್ಯ ಜನ ಓದಲ್ಲ, ಅಪಾಯ ಇಲ್ಲ ಅನ್ನೋ ಲೆಕ್ಕಾಚಾರ.) ಮತ್ತೆ ಪ್ರಷ್ಯಾದಲ್ಲಿ ಚರ್ಚು ರಾಜನ ಅಧೀನ, ಹಾಗಾಗಿ ಬೈಬಲ್ ಬಗ್ಗೆ ಒಂದು ಪ್ರಶ್ನೆ ಎತ್ತಿದ್ರೆ ಅದು ನೇರ ಸಿಂಹಾಸನಕ್ಕೇ ತಾಗ್ತಿತ್ತು.

1835ರಲ್ಲಿ ಸ್ಟ್ರೌಸ್ ಯೇಸುವಿನ ಜೀವನದ ಮೇಲೆ ಬರೆದ ಪುಸ್ತಕ ಬಾಂಬ್ ಥರ ಬಿತ್ತು: ಬೈಬಲ್ಲಿನ ಸುವಾರ್ತೆಗಳಲ್ಲಿ ಬರೋ ಯೇಸುವಿನ ಪವಾಡಗಳು ಇತಿಹಾಸನೂ ಅಲ್ಲ, ಯಾರೋ ಮಾಡಿದ ಮೋಸನೂ ಅಲ್ಲ, ಮೊದಲ ಕಾಲದ ಕ್ರೈಸ್ತ ಸಮುದಾಯ ಅರಿವಿಲ್ಲದೇನೇ ಕಟ್ಟಿದ ಪುರಾಣಗಳು. ಇನ್ನೊಬ್ಬ ಹೆಗೆಲ್ ಶಿಷ್ಯ ಬ್ರೂನೋ ಬಾವರ್ ಅದನ್ನೂ ಒಪ್ಲಿಲ್ಲ, ಸಮುದಾಯ ಅಂತ ಒಂದು ಮಸುಕು ಮಸುಕಾದ ಗುಂಪು ಪುಸ್ತಕ ಬರೆಯಲ್ಲ, ಬರೆದಿದ್ದು ಒಬ್ಬೊಬ್ಬ ಲೇಖಕನ ಆತ್ಮಪ್ರಜ್ಞೆ ಅಂದ. ನಮ್ಮ ಪ್ರಶ್ನೆ ಹಾಕಿ ನೋಡಿ: ಪುರಾಣ ಮಾಡಿದ್ದು ಯಾರು? ಒಬ್ಬ ಸಮುದಾಯ ಅಂತಾನೆ, ಇನ್ನೊಬ್ಬ ವ್ಯಕ್ತಿಯ ಪ್ರಜ್ಞೆ ಅಂತಾನೆ. ದೇವರು ಅಂತ ಇಬ್ಬರೂ ಹೇಳ್ತಿಲ್ಲ.

1840ರಲ್ಲಿ ಎರಡು ಸಾವು ಆಯ್ತು, ಹಳೇ ರಾಜಂದು ಮತ್ತು ಹೆಗೆಲ್ ಶಿಷ್ಯರಿಗೆ ಯೂನಿವರ್ಸಿಟಿಗಳಲ್ಲಿ ಆಸರೆಯಾಗಿದ್ದ ಮಂತ್ರಿ ಆಲ್ಟನ್‌ಸ್ಟೈನ್‌ದು. ಹೊಸ ರಾಜ ನಾಲ್ಕನೇ ಫ್ರೆಡ್ರಿಕ್ ವಿಲ್ಹೆಲ್ಮ್ ಹೆಗೆಲ್ ಪ್ರಭಾವನ ಬುಡಸಮೇತ ಕೀಳ್ಬೇಕು ಅಂತ ವಯಸ್ಸಾದ ಶೆಲ್ಲಿಂಗ್‌ನ ಬರ್ಲಿನ್ನಿಗೆ ಕರೆಸ್ದ. 1841ರ ನವೆಂಬರಲ್ಲಿ ಶುರುವಾದ ಆ ಲೆಕ್ಚರ್‌ಗಳಿಗೆ ಬಂದು ಕೂತವರ ಲಿಸ್ಟ್ ನೋಡಿ: ಎಂಗೆಲ್ಸ್ (ಮುಂದೆ ಮಾರ್ಕ್ಸ್ ಜೊತೆಗಾರ, ಆಗ ಮಿಲಿಟರಿ ಸೇವೆಗೆ ಅಂತ ಊರಿಗೆ ಬಂದಿದ್ದ ಹುಡುಗ), ಡೆನ್ಮಾರ್ಕಿನ ತತ್ವಜ್ಞಾನಿ ಕಿರ್ಕೆಗಾರ್ಡ್, ಮುಂದೆ ಅರಾಜಕತಾವಾದಿ ಆದ ರಷ್ಯಾದ ಬಕುನಿನ್. ರಾಜ ಅಂದ್ಕೊಂಡಿದ್ದೇ ಒಂದು ಆಗಿದ್ದೇ ಒಂದು, ಎಂಗೆಲ್ಸ್ ಕೇಳಿ ಹೋಗಿ ಶೆಲ್ಲಿಂಗ್ ವಿರುದ್ಧನೇ ಕಿರುಪುಸ್ತಕ ಬರೆದ. 1842ರಲ್ಲಿ ಬಾವರ್‌ಗೆ ಬಾನ್ ಯೂನಿವರ್ಸಿಟಿಯಲ್ಲಿ ಪಾಠ ಮಾಡೋ ಪರ್ಮಿಷನ್ ಹೋಯ್ತು, ಅವನ ಬೆನ್ನು ಹಿಡ್ಕೊಂಡು ಅಲ್ಲೇ ಕೆಲಸಕ್ಕೆ ಸೇರ್ಬೇಕು ಅಂತಿದ್ದ ಒಬ್ಬ ಹೊಸ ಡಾಕ್ಟರೇಟ್ ಹುಡುಗನ ದಾರಿನೂ ಮುಚ್ತು, ಅವನೇ ಮಾರ್ಕ್ಸ್. ಯೂನಿವರ್ಸಿಟಿ ಬಾಗಿಲು ಹಾಕಿದ್ದಕ್ಕೇ ಇವರೆಲ್ಲ ಪತ್ರಿಕೆಗೆ ಬಂದ್ರು, ಪತ್ರಿಕೆಗೆ ಬಂದಿದ್ದಕ್ಕೇ ರಸ್ತೆ, ಕಾಡು, ಸುಂಕ, ಬಡತನ ಕಣ್ಣಿಗೆ ಬಿತ್ತು. ಐಡಿಯಾಗಳ ಒಳಗಿನ ಲಾಜಿಕ್ ಎಷ್ಟು ಮುಖ್ಯನೋ ಈ ನಿರುದ್ಯೋಗನೂ ಅಷ್ಟೇ ಮುಖ್ಯ ಅಂತ ನನಗೆ ಅನ್ಸತ್ತೆ.

ಫಾಯರ್‌ಬಾಖ್ ಟ್ರಿಕ್: ಪೆನ್ನು ಪೇಪರ್ ತಗೊಳ್ಳಿ

ಲುಡ್ವಿಗ್ ಫಾಯರ್‌ಬಾಖ್ ಬರ್ಲಿನ್ನಲ್ಲಿ ಹೆಗೆಲ್ ಕ್ಲಾಸಲ್ಲೇ ಕೂತು ಕಲ್ತವನು. 1830ರಲ್ಲಿ ಹೆಸರು ಹಾಕದೆ ಒಂದು ಪುಸ್ತಕ ತಂದ, ಸತ್ತ ಮೇಲೆ ವ್ಯಕ್ತಿಯ ಆತ್ಮ ಉಳಿಯತ್ತೆ ಅನ್ನೋದು ಸುಳ್ಳು ಅಂತ. ಬರೆದಿದ್ದು ಯಾರು ಅಂತ ಗೊತ್ತಾಗೋಯ್ತು, ಪ್ರೊಫೆಸರ್ ಆಗೋ ಆಸೆ ಅಲ್ಲಿಗೆ ಮುಗೀತು. ಆಮೇಲೆ ಬ್ರುಕ್‌ಬರ್ಗ್ ಅನ್ನೋ ಹಳ್ಳಿಯಲ್ಲಿ, ಹೆಂಡತಿಗೆ ಪಾಲಿದ್ದ ಪಿಂಗಾಣಿ ಕಾರ್ಖಾನೆಯ ಆದಾಯದಲ್ಲಿ ಬದುಕ್ತಾ 1841ರಲ್ಲಿ ‘ಎಸೆನ್ಸ್ ಆಫ್ ಕ್ರಿಶ್ಚಿಯಾನಿಟಿ’ ಬರೆದ. ಇದರ ಪೀಠಿಕೆ ಅಧ್ಯಾಯಗಳು ಓದಿ, ಜೊತೆಗೆ 1843ರಲ್ಲಿ ಬಂದ ತತ್ವಶಾಸ್ತ್ರ ಸುಧಾರಣೆಯ ಟಿಪ್ಪಣಿಗಳನ್ನ ಕಡ್ಡಾಯವಾಗಿ ಓದಿ, ಅದು ಚಿಕ್ಕದು, ಒಂದು ಸಂಜೆಗೆ ಮುಗಿಯತ್ತೆ.

ಟ್ರಿಕ್ ಹೀಗಿದೆ. ‘ದೇವರು ನ್ಯಾಯವಂತ’ ಅಂತ ಬರೀರಿ. ಇಲ್ಲಿ ದೇವರು ಕರ್ತೃ, ನ್ಯಾಯ ಅವನ ಗುಣ. ಈಗ ಉಲ್ಟಾ ಮಾಡಿ, ‘ನ್ಯಾಯ ದೈವಿಕ’. ಗುಣ ಆಗಿದ್ದಿದ್ದು ಮುಂದೆ ಬಂದು ಕರ್ತೃ ಆಯ್ತು. ಪ್ರೀತಿ, ವಿವೇಕ, ಕರುಣೆ, ಶಕ್ತಿ, ಯಾವುದನ್ನೇ ಹಾಕಿ ನೋಡಿ, ಎಲ್ಲ ಮನುಷ್ಯಜಾತಿಯದೇ ಗುಣಗಳು, ಮನುಷ್ಯ ಅವನ್ನ ತನ್ನಿಂದ ಕಿತ್ತು ಆಕಾಶದಲ್ಲಿ ಕೂರಿಸಿ, ಆಮೇಲೆ ಅದರ ಮುಂದೆ ತಾನೇ ಮಂಡಿಯೂರಿ ಕೂತಿದಾನೆ. ದೇವರು ಶ್ರೀಮಂತ ಆದಷ್ಟೂ ಮನುಷ್ಯ ಬಡವ ಆಗ್ತಾನೆ. ಪರಕೀಯತೆ, ಅಂದ್ರೆ ಮನುಷ್ಯನದೇ ಅವನಿಗೆ ಬೇರೆಯವರದರ ಥರ ಆಗೋದು, ಅನ್ನೋ ಮಾತು ಮುಂದೆ ಕಾರ್ಖಾನೆ, ದುಡ್ಡು, ರಾಜ್ಯ ಅಂತ ಎಲ್ಲ ಕಡೆ ಓಡಾಡತ್ತಲ್ಲ, ಅದು ಹೆಗೆಲ್ ಕೈಯಿಂದ ಇಲ್ಲಿಗೆ ಬಂದು, ಇಲ್ಲಿಂದ ಮುಂದೆ ಹೋಗಿದ್ದು.

ಈಗ ಅದೇ ಪೇಪರಲ್ಲಿ ಎರಡನೇ ವಾಕ್ಯ: ‘ಚಿಂತನೆ ತನ್ನನ್ನ ತಾನೇ ಪ್ರಕೃತಿಯಾಗಿ ಹೊರಗೆ ಇಡತ್ತೆ’. ಇದು ಹೆಗೆಲ್. ಕರ್ತೃ ಚಿಂತನೆ. ಉಲ್ಟಾ ಮಾಡಿದ್ರೆ, ‘ಪ್ರಕೃತಿಯಲ್ಲಿ ಹುಟ್ಟಿದ, ಹಸಿವು ನಿದ್ದೆ ಇರೋ ಒಂದು ಜೀವ ಚಿಂತಿಸತ್ತೆ’. ಫಾಯರ್‌ಬಾಖ್ ಹೇಳೋದು ಇಷ್ಟೇ: ಇರವು ಕರ್ತೃ, ಚಿಂತನೆ ಅದರ ಗುಣ. ಹೆಗೆಲ್ ತತ್ವಶಾಸ್ತ್ರ ಅಂದ್ರೆ ದೇವರನ್ನ ಬೇರೆ ಹೆಸರಲ್ಲಿ ಒಳಗೆ ಕರೆಸ್ಕೊಂಡ ಥಿಯಾಲಜಿ.

ಎಂಗೆಲ್ಸ್ 1886ರಲ್ಲಿ ಹಿಂದಕ್ಕೆ ನೋಡಿ, ಆ ಪುಸ್ತಕ ಬಂದಾಗ ನಾವೆಲ್ಲ ಒಂದೇ ಸಲಕ್ಕೆ ಫಾಯರ್‌ಬಾಖ್ ಕಡೆಯವರಾಗ್ಬಿಟ್ವಿ ಅಂತ ಬರೀತಾನೆ. ಸ್ವಲ್ಪ ಉಪ್ಪು ಖಾರ ಹಾಕಿದಾನೆ ಅನ್ನಿ, ಯಾಕಂದ್ರೆ 1843ರ ಮಾರ್ಚಲ್ಲೇ ಮಾರ್ಕ್ಸ್ ತನ್ನ ಸ್ನೇಹಿತ, ಪತ್ರಿಕಾ ಸಂಪಾದಕ ರೂಗೆಗೆ ಬರೆದ ಪತ್ರದಲ್ಲಿ ಫಾಯರ್‌ಬಾಖ್ ಪ್ರಕೃತಿ ಬಗ್ಗೆ ಅತಿ ಮಾತಾಡ್ತಾನೆ, ರಾಜಕೀಯದ ಬಗ್ಗೆ ತೀರಾ ಕಮ್ಮಿ ಅಂತ ಗೊಣಗಿದಾನೆ.

ಕಾಡಿನ ಕಟ್ಟಿಗೆ, ಆಮೇಲೆ ಪ್ಯಾರಾ 262

ಮಾರ್ಕ್ಸ್ 1842ರಲ್ಲಿ ಕೊಲೋನ್‌ನಲ್ಲಿ ‘ರೈನಿಷೆ ತ್ಸೈಟುಂಗ್’ ಪತ್ರಿಕೆಯ ಸಂಪಾದಕ ಆಗಿದ್ದ. ಆ ವರ್ಷ ಅಕ್ಟೋಬರ್-ನವೆಂಬರಲ್ಲಿ ಕಟ್ಟಿಗೆ ಕಳ್ಳತನದ ಕಾನೂನಿನ ಮೇಲೆ ಬರೆದ ಲೇಖನಮಾಲೆನ ತತ್ವಶಾಸ್ತ್ರ ಓದೋರು ಸಾಮಾನ್ಯವಾಗಿ ಬಿಟ್ಬಿಡ್ತಾರೆ, ಬಿಡಬೇಡಿ. ರೈನ್ ಪ್ರಾಂತ್ಯದ ಸಭೆಯಲ್ಲಿ ಚರ್ಚೆ ಆಗಿದ್ದು, ಬಡವರು ಕಾಡಲ್ಲಿ ಬಿದ್ದಿರೋ ಒಣ ಕಟ್ಟಿಗೆ ಆರಿಸ್ಕೊಂಡ್ರೆ ಅದೂ ಕಳ್ಳತನನಾ ಅಂತ. ಸಭೆ ಹೌದು ಅಂತು. ಕಳುವಾದ ಕಟ್ಟಿಗೆಗೆ ಬೆಲೆ ಕಟ್ಟೋನು ಕಾಡಿನ ಒಡೆಯನ ಸಂಬಳ ತಿನ್ನೋ ಕಾವಲುಗಾರನೇ, ದಂಡದ ದುಡ್ಡು ಹೋಗೋದೂ ಆ ಒಡೆಯನ ಜೇಬಿಗೇ. ಹೆಗೆಲ್ ಹತ್ರ ರಾಜ್ಯ ಅಂದ್ರೆ ಎಲ್ಲರ ಹಿತ ಒಂದಾಗೋ ಜಾಗ, ಇಲ್ಲಿ ನೋಡಿದ್ರೆ ರಾಜ್ಯದ ಕೈ ಕಾಲು ಕಣ್ಣೆಲ್ಲ ಕಾಡಿನ ಒಡೆಯನ ಚಾಕರಿಗೆ ನಿಂತಿದೆ. 1859ರಲ್ಲಿ ಮಾರ್ಕ್ಸ್ ತನ್ನ ದಾರಿ ವಿವರಿಸೋವಾಗ ಆರ್ಥಿಕ ಪ್ರಶ್ನೆಗಳ ಕಡೆ ತನ್ನನ್ನ ಮೊದಲು ತಳ್ಳಿದ್ದು ಈ ಕಟ್ಟಿಗೆ ವಿಷಯ ಮತ್ತು ಮೋಸೆಲ್ ಕಣಿವೆ ರೈತರ ಸ್ಥಿತಿ ಅಂತ ಹೆಸರಿಟ್ಟು ಹೇಳ್ತಾನೆ.

1843ರಲ್ಲಿ ಪತ್ರಿಕೆ ಮುಚ್ಚಿಸಿದ್ರು. ಆ ಬೇಸಿಗೆ ಕ್ರೊಯ್ಟ್ಸ್‌ನಾಖ್ ಅನ್ನೋ ಊರಲ್ಲಿ ಕೂತು ಮಾರ್ಕ್ಸ್ ‘ಫಿಲಾಸಫಿ ಆಫ್ ರೈಟ್’ನ ಪ್ಯಾರಾ ಪ್ಯಾರಾ ಬಿಡಿಸಿ ನೋಟ್ಸ್ ಮಾಡ್ದ. ನೀವೂ ಜೊತೆಗೆ ಕೂತು ಮಾಡೋಕೆ ಒಳ್ಳೇ ಜಾಗ ಅಂದ್ರೆ ಪ್ಯಾರಾ 262. ಹೆಗೆಲ್ ಅಲ್ಲಿ ಏನಂತಾನೆ ಅಂದ್ರೆ, ನಿಜವಾದ ಐಡಿಯಾ, ಅಂದ್ರೆ ಸ್ಪಿರಿಟ್, ತನ್ನನ್ನ ತಾನೇ ಕುಟುಂಬ ಮತ್ತು ನಾಗರಿಕ ಸಮಾಜ (ದುಡಿಮೆ, ವ್ಯಾಪಾರದ ಲೋಕ) ಅನ್ನೋ ಎರಡು ಸೀಮಿತ ವಲಯವಾಗಿ ಒಡ್ಕೊಳ್ಳತ್ತೆ, ಜನರನ್ನ ಆ ವಲಯಗಳಿಗೆ ಹಂಚತ್ತೆ, ಒಬ್ಬೊಬ್ಬ ವ್ಯಕ್ತಿಯ ಮಟ್ಟದಲ್ಲಿ ನೋಡಿದ್ರೆ ಈ ಹಂಚಿಕೆ ಸಂದರ್ಭ, ಇಷ್ಟಾನಿಷ್ಟ, ಆಯ್ಕೆಗಳ ಮೂಲಕ ಆದ ಹಾಗೆ ಕಾಣತ್ತೆ.

ಪೆನ್ಸಿಲ್ ತಗೊಂಡು ಕರ್ತೃಗೆ ಗೆರೆ ಹಾಕಿ. ಒಡ್ಕೊಳ್ಳೋದು ಐಡಿಯಾ, ಹಂಚೋದು ಐಡಿಯಾ. ಮನುಷ್ಯರು ಮದುವೆ ಆಗೋದು, ಕೆಲಸ ಹುಡುಕೋದು, ವ್ಯಾಪಾರ ಮಾಡೋದು, ಈ ನಿಜವಾದ ಓಡಾಟ ಎಲ್ಲ ‘ಹಾಗೆ ಕಾಣತ್ತೆ’ ಅನ್ನೋ ಬಾಲಂಗೋಚಿಗೆ ಹೋಗಿ ಸೇರಿದೆ. ಮಾರ್ಕ್ಸ್ ಹಿಡಿಯೋದು ಇದನ್ನೇ: ನಿಜವಾಗಿ ಕೆಲಸ ಮಾಡ್ತಿರೋದು ಕುಟುಂಬ ಮತ್ತು ನಾಗರಿಕ ಸಮಾಜ, ರಾಜ್ಯ ನಿಂತಿರೋದು ಅವುಗಳ ಮೇಲೆ, ಹೆಗೆಲ್ ಅದನ್ನ ತಿರುಗಿಸಿ ಐಡಿಯಾದ ಒಳಗಿನ ಕಾಲ್ಪನಿಕ ಓಡಾಟ ಮಾಡಿದಾನೆ. ಹೆಗೆಲ್ ಕೊಟ್ಟಿರೋ ವಿವರ ಸುಳ್ಳು ಅಂತ ಹೇಳ್ತಿಲ್ಲ ಅನ್ನೋದನ್ನ ಗಮನಿಸಿ, ಇದ್ದಿದ್ದನ್ನ ಇದ್ದ ಹಾಗೇ ವರದಿ ಮಾಡಿ, ಆಮೇಲೆ ಅದರ ಕ್ರೆಡಿಟ್ ಐಡಿಯಾಗೆ ಕೊಟ್ಟಿದಾನೆ ಅನ್ನೋದು ದೂರು. ಫಾಯರ್‌ಬಾಖ್ ದೇವರ ಮೇಲೆ ಮಾಡಿದ ಟ್ರಿಕ್‌ನ ಇಲ್ಲಿ ರಾಜ್ಯದ ಮೇಲೆ ಮಾಡಿದಾನೆ. ಈ ಒಂದು ಪ್ಯಾರಾ ಸರಿಯಾಗಿ ಬಿಡಿಸೋಕೆ ಬಂತು ಅಂದ್ರೆ ಆ ಹಸ್ತಪ್ರತಿಯ ಮಿಕ್ಕಿದ್ದೆಲ್ಲ ಸಲೀಸು, ರಾಜನ ಮೇಲಿನ ಭಾಗ ಅಂತೂ ನಗು ತರಿಸತ್ತೆ.

ಈ ನೋಟ್ಸ್ ಪ್ರಿಂಟ್ ಆಗಿದ್ದು 1927ರಲ್ಲಿ. ಪ್ಯಾರಿಸ್ ಹಸ್ತಪ್ರತಿಗಳೂ, ಮಾರ್ಕ್ಸ್ ಎಂಗೆಲ್ಸ್ ಒಟ್ಟಿಗೆ ಬರೆದ ‘ಜರ್ಮನ್ ಐಡಿಯಾಲಜಿ’ ಪೂರ್ತಿ ಪಠ್ಯನೂ ಬಂದಿದ್ದು 1932ರಲ್ಲಿ. ರಷ್ಯಾದ ಮಾರ್ಕ್ಸ್‌ವಾದಿಗಳಾದ 1918ರಲ್ಲಿ ಸತ್ತ ಪ್ಲೆಖಾನೋವ್, 1924ರಲ್ಲಿ ಸತ್ತ ಲೆನಿನ್ ಇವರ್ಯಾರೂ ಇವನ್ನ ನೋಡಿರ್ಲಿಲ್ಲ. ಟೆಕ್ಸ್ಟ್‌ಬುಕ್ ಭೌತವಾದ ಯಾಕಷ್ಟು ಚಪ್ಪಟೆ ಅನ್ನೋದಕ್ಕೆ ಇದೂ ಒಂದು ಕಾರಣ, ಸೇತುವೆಯ ಮಧ್ಯದ ಕಂಬಗಳೇ ಕಾಣದೆ ಕಥೆ ಬರೆದಿದ್ರು.

ಸ್ಟಿರ್ನರ್‌ನ ಹಾರಿಸ್ಬೇಡಿ, ಆದ್ರೆ ಅಲ್ಲೇ ಕೂರಲೂಬೇಡಿ

1844ರ ಕೊನೆಯಲ್ಲಿ ಇದೇ ಬರ್ಲಿನ್ ಗುಂಪಿನ ಮ್ಯಾಕ್ಸ್ ಸ್ಟಿರ್ನರ್ ಒಂದು ಪುಸ್ತಕ ತಂದು ಫಾಯರ್‌ಬಾಖ್‌ಗೆ ಅವನದೇ ಮದ್ದು ಕುಡಿಸ್ದ. ನೀನು ದೇವರನ್ನ ಇಳಿಸಿ ‘ಮನುಷ್ಯ’ ಅನ್ನೋ ದೊಡ್ಡ ಅಕ್ಷರದ ಇನ್ನೊಂದು ದೇವರನ್ನ ಕೂರಿಸಿದೀಯ, ನಾನು ‘ಮನುಷ್ಯಜಾತಿ’ ಅಲ್ಲ, ನಾನು ನಾನು. ಪೆಟ್ಟು ಸರಿಯಾಗೇ ಬಿತ್ತು. ಅದು ಬಿದ್ದಿದ್ದು ಎಷ್ಟು ಜೋರು ಅಂತ ಗೊತ್ತಾಗ್ಬೇಕಾದ್ರೆ, ಮಾರ್ಕ್ಸ್ ಎಂಗೆಲ್ಸ್ ‘ಜರ್ಮನ್ ಐಡಿಯಾಲಜಿ’ಯ ಅತಿ ದೊಡ್ಡ ಭಾಗನ ಇವನನ್ನ ಬೈಯೋಕೇ ಮೀಸಲಿಟ್ರು. ಆ ಬೈಗುಳ ಪೂರ್ತಿ ಓದೋದು ಸಮಯ ದಂಡ. ಆದ್ರೆ 1845ರ ನಂತರ ಮಾರ್ಕ್ಸ್ ಬರಹದಲ್ಲಿ ‘ಮನುಷ್ಯನ ಸಾರ’ ಅನ್ನೋ ಮಾತು ಯಾಕೆ ತೆಳುವಾಗ್ತಾ ಹೋಯ್ತು ಅಂತ ಕೇಳ್ಕೊಂಡ್ರೆ, ಈ ಪೆಟ್ಟಿಗೂ ಅದರಲ್ಲಿ ಪಾಲಿದೆ.

ಹನ್ನೊಂದು ಟಿಪ್ಪಣಿ ಮತ್ತು ಒಂದು ಚೆರ್ರಿ ಮರ

1845ರಲ್ಲಿ ಬ್ರಸೆಲ್ಸ್‌ನಲ್ಲಿ ಮಾರ್ಕ್ಸ್ ನೋಟ್‌ಬುಕ್ಕಲ್ಲಿ ಗೀಚಿದ ಫಾಯರ್‌ಬಾಖ್ ಮೇಲಿನ ಟಿಪ್ಪಣಿಗಳು ಒಟ್ಟು ಹನ್ನೊಂದು, ಎಲ್ಲ ಸೇರಿ ಎರಡು ಮೂರು ಪೇಜು. ಎಲ್ಲರಿಗೂ ಗೊತ್ತಿರೋದು ಹನ್ನೊಂದನೇದು, ತತ್ವಜ್ಞಾನಿಗಳು ಜಗತ್ತನ್ನ ಬರೀ ವ್ಯಾಖ್ಯಾನಿಸಿದ್ರು, ಬೇಕಿರೋದು ಅದನ್ನ ಬದಲಾಯಿಸೋದು ಅಂತ ಪೋಸ್ಟರ್ ಮೇಲೆ ಹಾಕೋ ಸಾಲು. ನೀವು ಮೊದಲನೇದರ ಮೇಲೆ ಒಂದು ವಾರ ಕೂತ್ರೂ ನಷ್ಟ ಇಲ್ಲ. ಅಲ್ಲಿರೋ ವಾದ: ಇಲ್ಲಿವರೆಗಿನ ಭೌತವಾದ, ಫಾಯರ್‌ಬಾಖ್‌ದೂ ಸೇರಿ, ಜಗತ್ತನ್ನ ನೋಡೋ ವಸ್ತುವಾಗಿ ಮಾತ್ರ ಹಿಡೀತು, ಮನುಷ್ಯನ ಇಂದ್ರಿಯಗಮ್ಯ ಚಟುವಟಿಕೆಯಾಗಿ ಹಿಡೀಲಿಲ್ಲ, ಹಾಗಾಗಿ ಕ್ರಿಯೆಯ ಪಕ್ಷನ ಬೆಳೆಸಿದ್ದು ಐಡಿಯಲಿಸಂ, ಆದ್ರೆ ಅದಕ್ಕೆ ನಿಜವಾದ ದುಡಿಮೆ ಅಂದ್ರೆ ಏನು ಅಂತ ಗೊತ್ತಿಲ್ದೇ ಇದ್ದಿದ್ರಿಂದ ಅಮೂರ್ತವಾಗಿ ಬೆಳೆಸ್ತು.

ಅಂದ್ರೆ 18ನೇ ಶತಮಾನದ ಫ್ರೆಂಚ್ ಭೌತವಾದಿಗಳು, 1770ರಲ್ಲಿ ‘ಸಿಸ್ಟಮ್ ಆಫ್ ನೇಚರ್’ ಬರೆದ ಡಾಲ್‌ಬಾಕ್ ಥರದವರು, ಅವರ ಲೋಕದಲ್ಲಿ ಮನುಷ್ಯ ಪರಿಸ್ಥಿತಿಯ ಕೈಗೊಂಬೆ, ಹೊಡೆದ ಕಡೆ ಹೋಗ್ತಾನೆ. ಮೂರನೇ ಟಿಪ್ಪಣಿ ಇದನ್ನೇ ಚುಚ್ಚತ್ತೆ, ಪರಿಸ್ಥಿತಿ ಮನುಷ್ಯನ್ನ ಮಾಡತ್ತೆ ಅಂತೀರಲ್ಲ, ಆ ಪರಿಸ್ಥಿತಿನ ಬದಲಾಯಿಸೋದೂ ಮನುಷ್ಯರೇ ತಾನೆ, ಪಾಠ ಹೇಳೋನಿಗೂ ಯಾರಾದ್ರೂ ಪಾಠ ಹೇಳ್ಬೇಕು ತಾನೆ? ಭೌತವಾದಕ್ಕೆ ಕೈ ಕಾಲು ಬರ್ಬೇಕಾದ್ರೆ ಕಾಂಟ್, ಫಿಖ್ಟೆ, ಹೆಗೆಲ್ ಇವರ ಮನೆ ಮೂಲಕನೇ ಹಾದು ಬರ್ಬೇಕಿತ್ತು ಅಂತ ನಾನು ಹೇಳ್ತಿರೋದು ಇದಕ್ಕೆ.

ಇದೆಲ್ಲ ತೀರಾ ಅಮೂರ್ತ ಅನ್ಸಿದ್ರೆ ‘ಜರ್ಮನ್ ಐಡಿಯಾಲಜಿ’ಯ ಫಾಯರ್‌ಬಾಖ್ ಭಾಗದಲ್ಲಿ ಚೆರ್ರಿ ಮರ ಬರೋ ಜಾಗ ಹುಡುಕಿ. ಫಾಯರ್‌ಬಾಖ್ ಪ್ರಕಾರ ಕಣ್ಣ ಮುಂದೆ ಕಾಣೋ ವಸ್ತುನೇ ಗಟ್ಟಿ ಸತ್ಯ. ಸರಿ, ಮುಂದೆ ಒಂದು ಚೆರ್ರಿ ಮರ ಇದೆ, ಇದಕ್ಕಿಂತ ಪ್ರಕೃತಿ ಇನ್ನೇನು ಬೇಕು? ಆದ್ರೆ ಆ ಮರ ಕೆಲವೇ ಶತಮಾನಗಳ ಹಿಂದೆ ವ್ಯಾಪಾರದ ಮೂಲಕ ಆ ಪ್ರದೇಶಕ್ಕೆ ಬಂದಿದ್ದು. ಒಂದು ಕಾಲದ ಒಂದು ಸಮಾಜ ಹಡಗು ಹತ್ತಿ ವ್ಯಾಪಾರ ಮಾಡಿದ್ದಕ್ಕೇ ಇವತ್ತು ಫಾಯರ್‌ಬಾಖ್ ಕಣ್ಣಿಗೆ ಅದು ‘ಸುಮ್ನೆ ಇರೋ’ ಮರ ಆಗಿ ಕಾಣ್ತಿದೆ. ಕಾಂಟ್ ನೆನಪಾಗ್ತಾನಾ? ಅನುಭವ ಕಟ್ಟಿದ್ದು ಅಂತ ಅವನೇ ಅಲ್ವಾ ಹೇಳಿದ್ದು, ಈಗ ಕಟ್ಟೋ ಕೆಲಸ ತಲೆಯಿಂದ ಇಳಿದು ತೋಟಗಾರ, ವ್ಯಾಪಾರಿ, ಹಡಗಿನವರ ಕೈಗೆ ಬಂದಿದೆ ಅಷ್ಟೇ.

ನಾಲ್ಕನೇ ಟಿಪ್ಪಣಿನೂ ಬಿಡ್ಬೇಡಿ. ಧರ್ಮದ ಲೋಕ ಈ ಲೋಕದ್ದೇ ನೆರಳು ಅಂತ ಫಾಯರ್‌ಬಾಖ್ ತೋರಿಸ್ದ, ಒಪ್ಪಿದ್ವಿ, ಆದ್ರೆ ಈ ಲೋಕ ತನ್ನಿಂದ ತಾನೇ ಕಿತ್ಕೊಂಡು ಮೋಡದಲ್ಲಿ ಹೋಗಿ ಯಾಕೆ ಕೂತ್ಕೊಳ್ತು? ಒಳಗೇ ಏನೋ ಬಿರುಕಿರ್ಬೇಕು. ಆ ಬಿರುಕನ್ನ ತಿಳ್ಕೊಂಡು, ಕೆಲಸ ಮಾಡಿ ಸರಿಪಡಿಸದೇ ಹೋದ್ರೆ ನೆರಳು ನೆರಳು ಅಂತ ಎಷ್ಟು ಕೂಗಿದ್ರೂ ಅದು ಹೋಗಲ್ಲ.

ಒಂದು ಟೆಕ್ನಿಕಲ್ ವಿಷಯ: ಈ ಟಿಪ್ಪಣಿಗಳನ್ನ ಎಂಗೆಲ್ಸ್ 1888ರಲ್ಲಿ ತನ್ನ ಪುಸ್ತಕದ ಅನುಬಂಧವಾಗಿ ಮೊದಲು ಪ್ರಿಂಟ್ ಮಾಡಿಸ್ದ, ಅಲ್ಲಲ್ಲಿ ತಿದ್ದಿದಾನೆ, ಮೂರನೇದರಲ್ಲಿ ಬ್ರಿಟಿಷ್ ಸಮಾಜವಾದಿ ರಾಬರ್ಟ್ ಓವೆನ್ ಹೆಸರು ಸೇರಿಸಿದಾನೆ. ನಿಮ್ಮ ಕೈಲಿರೋ ಪ್ರತಿಯಲ್ಲಿ ಓವೆನ್ ಇದ್ರೆ ಅದು ಎಂಗೆಲ್ಸ್ ತಿದ್ದಿದ ರೂಪ, 1845ರ ಮೂಲ ರೂಪ ಹುಡುಕಿ ಪಕ್ಕದಲ್ಲಿ ಇಟ್ಕೊಳ್ಳಿ.

ಪಕ್ಕದ ಒಂದು ಕವಲು

1850ರ ದಶಕದಲ್ಲಿ ಜರ್ಮನಿಯಲ್ಲಿ ಇನ್ನೊಂದು ಭೌತವಾದ ಭಾರೀ ಪಾಪ್ಯುಲರ್ ಆಗಿತ್ತು, ಫೋಗ್ಟ್, ಮೊಲೆಶಾಟ್, ಬ್ಯೂಖ್ನರ್ ಇವರದು. ಪಿತ್ತಕ್ಕೂ ಯಕೃತ್ತಿಗೂ ಇರೋ ಸಂಬಂಧನೇ ಆಲೋಚನೆಗೂ ಮಿದುಳಿಗೂ ಅಂತ ಫೋಗ್ಟ್ ಹೇಳಿದ್ದು ಆಗ ದೊಡ್ಡ ಗಲಾಟೆ ಮಾಡ್ತು. 1855ರಲ್ಲಿ ಬ್ಯೂಖ್ನರ್ ಬರೆದ ‘ಶಕ್ತಿ ಮತ್ತು ದ್ರವ್ಯ’ ಸಿಕ್ಕಾಪಟ್ಟೆ ಮಾರಾಟ ಆಯ್ತು. ಇವರನ್ನ ಓದೋಕೆ ಮಜಾ ಇದೆ, ಆದ್ರೆ ನಮ್ಮ ಪ್ರಶ್ನೆ ಹಾಕಿ ನೋಡಿ, ಕೆಲಸ ಮಾಡ್ತಿರೋದು ಯಾರು? ಯಕೃತ್ತು, ಮಿದುಳು. ಡಾಲ್‌ಬಾಕ್ ಹತ್ರಕ್ಕೇ ವಾಪಸ್ ಹೋದ ಹಾಗಾಯ್ತು.

‘ಕ್ಯಾಪಿಟಲ್’ಗೆ ಬರೋ ಹೊತ್ತಿಗೆ

1858ರ ಜನವರಿಯಲ್ಲಿ ಮಾರ್ಕ್ಸ್ ಎಂಗೆಲ್ಸ್‌ಗೆ ಒಂದು ಪತ್ರ ಬರೀತಾನೆ. ಫ್ರೈಲಿಗ್ರಾಟ್ ಅನ್ನೋ ಕವಿಮಿತ್ರನ ಕೈಗೆ ಹೆಗೆಲ್‌ನ ಒಂದಷ್ಟು ಸಂಪುಟ ಸಿಕ್ಕಿತ್ತಂತೆ, ಮೊದಲು ಬಕುನಿನ್‌ದಾಗಿದ್ದವು, ಅದನ್ನ ಮಾರ್ಕ್ಸ್‌ಗೆ ಗಿಫ್ಟ್ ಕಳಿಸಿದಾನೆ, ಅದರಲ್ಲಿ ಹೆಗೆಲ್‌ನ ‘ಲಾಜಿಕ್’ ಅನ್ನೋ ಪುಸ್ತಕನ ಮತ್ತೆ ತಿರುವಿ ಹಾಕಿದ್ದು ಲಾಭದ ಥಿಯರಿ ಬರೆಯೋವಾಗ ಮೆಥಡ್‌ಗೆ ತುಂಬಾ ಸಹಾಯ ಆಯ್ತು ಅಂತ. ಟೈಮ್ ಸಿಕ್ರೆ ಹೆಗೆಲ್ ಮೆಥಡಲ್ಲಿ ವಿವೇಕಯುತವಾಗಿರೋದು ಏನು ಅಂತ ಎರಡು ಮೂರು ಶೀಟಲ್ಲಿ ಎಲ್ಲರಿಗೂ ತಿಳಿಯೋ ಹಾಗೆ ಬರೀಬೇಕು ಅಂತಲೂ ಅಂದಿದಾನೆ. ಬರೀಲೇ ಇಲ್ಲ ಪುಣ್ಯಾತ್ಮ. ಬರೆದಿದ್ರೆ ಈ ಗೈಡ್ ಬೇಕಾಗ್ತಿರ್ಲಿಲ್ಲ. ಲೆನಿನ್ ‘ಲಾಜಿಕ್’ ಓದೋವಾಗ ಮಾಡ್ಕೊಂಡ ನೋಟ್ಸಲ್ಲಿ, ಹೆಗೆಲ್‌ನ ಇದನ್ನ ಪೂರ್ತಿ ಅರಗಿಸ್ಕೊಳ್ಳದೆ ‘ಕ್ಯಾಪಿಟಲ್’ ಮೊದಲ ಅಧ್ಯಾಯ ಪೂರ್ತಿ ಅರ್ಥ ಆಗಲ್ಲ ಅಂದ. ಅಷ್ಟು ಹೆದರ್ಕೋಬೇಕಿಲ್ಲ ಅಂತ ನನ್ನ ಅಭಿಪ್ರಾಯ.

ಆ ಮೊದಲ ಅಧ್ಯಾಯದ ಕೊನೆಯಲ್ಲಿ ಸರಕಿನ ಮಾಟದ ಬಗ್ಗೆ ಒಂದು ಭಾಗ ಇದೆ, ಸದ್ಯಕ್ಕೆ ಅಷ್ಟು ಓದಿ. 20 ಗಜ ಲಿನನ್ ಬಟ್ಟೆಗೆ ಒಂದು ಕೋಟು ಸಮ ಅಂತ ಸಂತೆಯಲ್ಲಿ ನಡೆಯತ್ತಲ್ಲ, ಅಲ್ಲಿ ನೇಯ್ದವನಿಗೂ ಹೊಲಿದವನಿಗೂ ಇರೋ ಸಂಬಂಧ ಬಟ್ಟೆಗೂ ಕೋಟಿಗೂ ಇರೋ ಸಂಬಂಧದ ಥರ ಕಾಣತ್ತೆ. ಇದಕ್ಕೆ ಹೋಲಿಕೆ ಬೇಕು ಅಂದ್ರೆ ಧರ್ಮದ ಮಂಜಿನ ಲೋಕಕ್ಕೇ ಹೋಗ್ಬೇಕು ಅಂತ ಮಾರ್ಕ್ಸ್ ಅಂತಾನೆ, ಅಂದ್ರೆ ಫಾಯರ್‌ಬಾಖ್ ಇನ್ನೂ ಜೇಬಲ್ಲಿದಾನೆ. ಇಲ್ಲಿ ನಿಂತು ಫಾಯರ್‌ಬಾಖ್ ಟ್ರಿಕ್ ಮತ್ತೆ ಮಾಡಿ ನೋಡಿ, ‘ವಸ್ತುಗಳಿಗೆ ಬೆಲೆ ಇದೆ’ ಅನ್ನೋದನ್ನ ‘ಮನುಷ್ಯರ ದುಡಿಮೆಯ ಸಂಬಂಧ ಬೆಲೆಯಾಗಿ ಕಾಣ್ತಿದೆ’ ಅಂತ ತಿರುಗಿಸಿ. ವಾಕ್ಯ ಸರಿಯಾಯ್ತು. ಆದ್ರೆ ಸಂತೆಗೆ ಹೋದ್ರೆ ಕೋಟಿನ ಬೆಲೆ ಅದೇ ಇರತ್ತೆ. ಗಾಳಿಯಲ್ಲಿ ಏನೇನು ಸೇರಿದೆ ಅಂತ ವಿಜ್ಞಾನ ಬಿಡಿಸಿ ಹೇಳಿದ್ಮೇಲೂ ಉಸಿರಾಡೋ ಗಾಳಿ ಹಾಗೇ ಉಳೀತು ಅಂತ ಅಲ್ಲೇ ಬರೆದಿದಾನೆ, ಆ ಪೇಜ್ ಓದೋವಾಗ ನಾಲ್ಕನೇ ಟಿಪ್ಪಣಿನೂ ಪಕ್ಕದಲ್ಲಿ ತೆಗೆದಿಟ್ಕೊಂಡು ಎರಡನ್ನೂ ಒಟ್ಟಿಗೆ ಓದಿ.